ಒದ್ದೆ ಬಟ್ಟೆ

ಊದಬೇಡ.
ಮೊದಲ ಪಾಠ ಅದೇ, ಪಾನಾ ಹಿಡಿಯುವುದು ಆಮೇಲೆ.
ಡ್ರಮ್ಮು ಕಳಚಿದ ಕೂಡಲೇ ತುಟಿ ತಾನಾಗಿ ಮುಂದೆ ಬರುತ್ತದೆ ಹುಡುಗಾ,
ಒಲೆಯ ಮುಂದೆ ಬೆಳೆದ ಬಾಯಿ ನಮ್ಮದು,
ಬೂದಿ ಕಂಡರೆ ಊದುತ್ತದೆ.
ತಡಿ.

ಮಾಂಗೋರ್ ಗುಡ್ಡದಲ್ಲಿ ನಮಗೆ ಸಿಕ್ಕ ಸಮತಟ್ಟು ಇಷ್ಟೇ.
ಮುಂದಿನ ಗಾಲಿಗಳಿಗೆ ಕಲ್ಲು ಕೊಡು,
ಇಟ್ಟಂಗಿ ಬೇಡ, ಒಡೆಯುತ್ತದೆ.
ಇದು ಕೈತಾನನ ಪಾವಿನ ವ್ಯಾನು.
ನಸುಕಿನ ನಾಲ್ಕಕ್ಕೆ ಬಿಸಿ ಪಾವು ಹೊತ್ತು ಇಳಿಯುವಾಗ
ಪೆಡಲು ನೆಲದ ತನಕ ಹೋಯಿತಂತೆ,
ಇಗರ್ಜಿಯ ಗೋಡೆ ಕಾಯಿತಂತೆ.
ಒಳಗೆ ಇನ್ನೂ ಮೈದಾ ವಾಸನೆ.
ಜಾಕು ಏರಿಸು. ಅದೊಂದನ್ನೇ ನಂಬಬೇಡ, ಕೆಳಗೆ ಘೋಡಾ ಇಡು.
ಹ್ಯಾಂಡ್‌ಬ್ರೇಕು ಬಿಡು. ಗಾಲಿ ಬಿಚ್ಚು.

ಈಗ ನೀರು.
ಹೌದು, ನೀರು. ಇಸ್ತ್ರಿಯವನ ಹತ್ತಿರ ಇರುತ್ತದಲ್ಲ, ಆ ಥರದ ಬಾಟಲಿ,
ಎರಡು ಹನಿ ಪಾತ್ರೆಯ ಸೋಪು.
ಮೆಲ್ಲಗೆ ಚಿಮುಕಿಸು. ಹಾರಬಾರದು, ಕೆಸರಾಗಬೇಕು.
ಪಕ್ಕದ ಗ್ಯಾರೇಜಿನವರು ನಗಲಿ,
“ವ್ಯಾನಿಗೆ ಜಳಕಾ ಮಾಡಸ್ತಾರ ನೋಡ್ರಿ” ಅನ್ನಲಿ.
ಒದ್ದೆ ಬಟ್ಟೆಯಿಂದ ಒರೆಸು,
ಬಟ್ಟೆ ಒಣಗುವ ಮೊದಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟು.
ಬಂದರಿನ ಕಲ್ಲಿದ್ದಲ ಪುಡಿ ಕಿಟಕಿಯ ಮೇಲೆ ಕರ್ರಗೆ ಕೂತು
ತನ್ನ ಹೆಸರು ತಾನೇ ಹೇಳುತ್ತದೆ.
ಇದು ಹೇಳುವುದಿಲ್ಲ.

ದಾವಲಸಾಬ, ನನ್ನ ಉಸ್ತಾದ, ರೋಣದ ಕಡೆಯವನು,
ಇಪ್ಪತ್ತಾರು ವರ್ಷ ಊದಿದ.
ಡ್ರಮ್ಮನ್ನು ನೆಲಕ್ಕೆ ಕುಟ್ಟಿ, ಕಣ್ಣು ಕಿರಿದು ಮಾಡಿ, ಫೂ.
ಮೂವತ್ತರ ಮೀಸೆ ಸಂಜೆ ಹೊತ್ತಿಗೆ ಅರವತ್ತರದಾಗುತ್ತಿತ್ತು.
ಆಗಿನ ಲೈನರಿನಲ್ಲಿ ಆಸ್ಬೆಸ್ಟಾಸು ಇತ್ತು.
ಈಗಿನದರಲ್ಲಿ ಇಲ್ಲವೆಂದು ಡಬ್ಬಿಯ ಮೇಲೆ ಬರೆದಿದೆ,
ಡಬ್ಬಿ ಯಾವ ಊರಿನದೋ ಯಾರು ಬಲ್ಲರು.
ಅವನಿಗೆ ಏನೂ ಆಗಲಿಲ್ಲ.
ಎಪ್ಪತ್ತೊಂದಾಯಿತು, ಈಗಲೂ ಬೈನಾ ತನಕ ನಡೆದು ಬಂಗಡೆ ತರುತ್ತಾನೆ.

ಆದದ್ದು ಮಾಬವ್ವನಿಗೆ.
ಸಂಜೆ ಅವನ ಅಂಗಿಯನ್ನು ಹೊಸ್ತಿಲಲ್ಲಿ ನಿಂತು
ಪಟಪಟ ಝಾಡಿಸಿ ಬಕೆಟ್ಟಿಗೆ ಹಾಕಿ
ಉದುರಿದ್ದನ್ನು ಕಸಬರಿಗೆಯಿಂದ ಗುಡಿಸಿ
ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದವಳು.
ಡಾಕ್ಟರು ಕೇಳಿದರು: ಯಾವ ಕಾರ್ಖಾನೆಯಲ್ಲಿದ್ದಿರಿ ನೀವು?
“ಯಾವ ಕಾರ್ಖಾನಿ ರೀ, ನಾ ಮನಿಯಾಗ ಇದ್ದಾಕಿ.”
ಉಸ್ತಾದ ಎಕ್ಸರೇ ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿದು
ಬಹಳ ಹೊತ್ತು ನೋಡಿದ,
ಲೈನರು ಎಷ್ಟು ಸವೆದಿದೆ,
ಇನ್ನೆಷ್ಟು ದಿನ ಓಡೀತು ಎಂದು ನೋಡುವವನ ಹಾಗೆ.
ಆಮೇಲೆ ಅವನು ಗ್ಯಾರೇಜಿನ ಅಂಗಿಯಲ್ಲಿ ಮನೆಗೆ ಹೋದದ್ದನ್ನು ನಾನು ಕಂಡಿಲ್ಲ.
ಇಲ್ಲೇ ಕಳಚಿ, ನೀರಲ್ಲಿ ಮುಳುಗಿಸಿ, ಬೇರೆ ತೊಟ್ಟು ಹೋಗುತ್ತಿದ್ದ,
ಝಾಡಿಸುವವಳು ಇಲ್ಲವಾದ ಮೇಲೂ.

ಆಯಿತು, ಡ್ರಮ್ಮು ಏರಿಸು, ಗಾಲಿ ಕೂರಿಸು.
ಹಿಂದಿನ ತಗಡಿನಲ್ಲಿ ರಬ್ಬರಿನ ಬಿರಡೆ ಇದೆ, ಕೀಳು,
ಆ ತೂತಿನೊಳಗೆ ಸ್ಕ್ರೂಡ್ರೈವರು ತೂರಿಸು.
ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯಬೇಕು.
ಹಲ್ಲುಚಕ್ರ. ಒಂದೊಂದೇ ಹಲ್ಲು. ಕಟ್.
ಗಾಲಿ ತಿರುಗಿಸು. ಕಟ್.
ತಿರುಗಿಸು.
ಒಳಗೆ ಎರಡೂ ಶೂ ಅವುಚಿಕೊಂಡಾಗ ಗಾಲಿ ನಿಲ್ಲುತ್ತದೆ.
ಈಗ ಹಿಂದಕ್ಕೆ, ಮೂರು ಹಲ್ಲೋ ನಾಲ್ಕೋ,
ಸುಯ್ ಅಂತ ತುಸು ಸವರಿದಷ್ಟು ಸದ್ದು ಉಳಿಯಲಿ.
ಬಿಗಿಯಾದರೆ ಕಾದು ಕಮಟು ನಾರುತ್ತದೆ,
ಸಡಿಲಾದರೆ ಇಗರ್ಜಿಯ ಗೋಡೆ.
ಆಚೆ ಗಾಲಿಗೂ ಅಷ್ಟೇ ಕೊಡು, ಇಲ್ಲದಿದ್ದರೆ ಒಂದು ಮಗ್ಗುಲಿಗೆ ಎಳೆಯುತ್ತದೆ.

ಇಳಿಸು. ಕಲ್ಲು ತೆಗೆ. ಇಳಿಜಾರಿಗೆ ಒಯ್ದು ನಿಲ್ಲಿಸು.
ಹ್ಯಾಂಡ್‌ಬ್ರೇಕು ಎಳೆಯುತ್ತಾ ಎಣಿಸು. ಐದಾ? ಐದು ಸಾಕು.
ಕೆಳಗಡೆ ನಿಲ್ಲಬೇಡ, ನನ್ನ ಕೆಲಸವೇ ಆದರೂ.
ನಿಂತಿತು ನೋಡು.

ಈಗ ಅಂಗಿ ಬಿಚ್ಚು.
ನಾಚಿಕೆ ಯಾಕೆ, ಬಕೆಟ್ಟು ಅಲ್ಲಿದೆ.
ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರು ಯಾರು?